ಮೇಸ್ತ್ರಿ ನುಂಗಿದ ಗುಂಡು

ಮೇಸ್ತ್ರಿಯ ಶೆಡ್ಡಿನಲ್ಲಿ ಸೀಮೆಎಣ್ಣೆಗೆ ಸಾವೇ ಇರಲಿಲ್ಲ. ಬೇರೆ ಗ್ಯಾರೇಜುಗಳಲ್ಲಿ ಕಾರಿನ ಬಿಡಿಭಾಗ ತೊಳೆದ ಸೀಮೆಎಣ್ಣೆ ಎರಡೇ ದಿನಕ್ಕೆ ಕಪ್ಪಾಗಿ ಚರಂಡಿ ಸೇರುತ್ತದೆ. ಈ ಶೆಡ್ಡಿನದ್ದು ಮಾತ್ರ, ಮೊಮ್ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ ಕೊಂಡದ್ದು, ಅವಳು ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷಕ್ಕೆ ಬಂದರೂ ಇನ್ನೂ ರಿಟೈರಾಗಿರಲಿಲ್ಲ. ಇದು ಮೇಸ್ತ್ರಿಯ ಮಾತು. ನಂಬುವುದು, ಬಿಡುವುದು ಕೇಳಿದವರಿಗೆ ಸೇರಿದ್ದು.

ಗುಟ್ಟು ಮೂಲೆಯ ಪೀಪಾಯಿಯಲ್ಲಿತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಬೇಸಿನ್ನು, ಬಟ್ಟಲು, ಡಬ್ಬಿಗಳಲ್ಲಿ ಉಳಿದ ಕೊಳಕು ಸೀಮೆಎಣ್ಣೆಯನ್ನೆಲ್ಲ ಅವನು ಅದಕ್ಕೆ ಸುರಿಯುತ್ತಿದ್ದ. ಬೆಳಗಾಗುವಷ್ಟರಲ್ಲಿ ಜಿಡ್ಡು ತಳಕ್ಕಿಳಿದು, ಮೇಲೆ ಟೀ ಬಣ್ಣದ ಎಣ್ಣೆ ನಿಂತಿರುತ್ತಿತ್ತು. ಅದನ್ನು ಪೈಪಿನಲ್ಲಿ ಎಳೆದು ಮತ್ತೆ ಬಳಸುವುದು. ಈ ಸುರಿಯುವ ಕೆಲಸವನ್ನು ಮಾತ್ರ ಅವನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ.

"ಸುರಿಯೋದಕ್ಕೂ ಒಂದು ಕೈ ಬೇಕು," ಎನ್ನುತ್ತಿದ್ದ. "ಅಳಿಯನಿಗೆ ಕೊಟ್ರೆ ಅರ್ಧ ನೆಲಕ್ಕೆ, ಅರ್ಧ ಅವನ ಪ್ಯಾಂಟಿಗೆ."

ಅಳಿಯ ಹತ್ತೊಂಬತ್ತು ವರ್ಷದಿಂದ ಅದೇ ಮನೆಯಲ್ಲಿದ್ದ. ಮನೆಗೂ ಶೆಡ್ಡಿಗೂ ಒಂದೇ ಗೋಡೆ, ನಡುವೆ ಒಂದು ಬಾಗಿಲು. ಬಾಗಿಲಿನ ಈಚೆ, ಮನೆಯೊಳಗೆ, ಅವನಿಗೆ ಮಾವನಿಂದ "ಬನ್ನಿ, ಊಟ ಮಾಡಿ" ಎಂಬ ಮರ್ಯಾದೆ. ಆಚೆ ಕಾಲಿಟ್ಟರೆ "ಲೋ, ಸ್ಪ್ಯಾನರ್ ತಗೊಂಬಾ." ಅಳಿಯ ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಳ್ಳುತ್ತಿದ್ದ. ಬಿಚ್ಚುವುದು, ತೊಳೆಯುವುದು ಅವನ ಕೆಲಸ. ಕೂಡಿಸುವುದು ಮೇಸ್ತ್ರಿಯ ಹಕ್ಕು. ಅದನ್ನು ಇನ್ನೊಬ್ಬರು ಮುಟ್ಟಿದರೆ ಇಂಜಿನ್ನಿಗೆ ಜ್ವರ ಬರುತ್ತದೆ ಎಂದು ಮೇಸ್ತ್ರಿ ನಂಬಿದ್ದ.

ಎಡವಟ್ಟಾದದ್ದು ಹಲ್ಲಿನ ಡಾಕ್ಟರ ಹಳೇ ಕಾರಿನಿಂದ. ಅವರಪ್ಪ ಓಡಿಸುತ್ತಿದ್ದ ಗಾಡಿ. ಡಾಕ್ಟರು ಅದನ್ನು ಅಪ್ಪನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಅಳಿಯ ಅದರ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಸಣ್ಣ ಭಾಗಗಳನ್ನೆಲ್ಲ ಒಂದು ಬಟ್ಟಲಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ ಹೋಗಿದ್ದ. ಮಾರನೇ ದಿನ ಮೇಸ್ತ್ರಿ ಕೂಡಿಸಿದ. ಗಾಡಿ ಹೋಯಿತು. ಮೂರು ರಸ್ತೆ ಸೇರುವ ಕಡೆ ಡಾಕ್ಟರು ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಒಂದು ಸಲ ಬಿಕ್ಕಿ ನಿಂತೇ ಬಿಟ್ಟಿತು. ಹಿಂದೆ ಬರುತ್ತಿದ್ದ ಬಸ್ಸು ಬ್ರೇಕು ಹಾಕಿ, ಇನ್ನು ಒಂದು ಗೇಣಿದೆ ಎನ್ನುವಾಗ ನಿಂತಿತು. ಕಾರ್ಬೊರೇಟರಿನೊಳಗೆ ಇರಬೇಕಾಗಿದ್ದ ಒಂದು ಉಕ್ಕಿನ ಗುಂಡು, ಮೆಣಸಿನಕಾಳಿನಷ್ಟು ದೊಡ್ಡದು, ಅಲ್ಲಿರಲೇ ಇಲ್ಲ.

ಡಾಕ್ಟರು ಶೆಡ್ಡಿನ ಮುಂದೆ ನಿಂತು ಕೂಗಾಡಿದರು. ಪಕ್ಕದ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು.

"ಗುಂಡು ಬಟ್ಟಲಲ್ಲೇ ಇತ್ತು ಮಾವ," ಎಂದ ಅಳಿಯ ಮೆಲ್ಲಗೆ.

"ಬಟ್ಟಲಲ್ಲಿದ್ರೆ ನನ್ನ ಕೈಗೆ ಸಿಗ್ತಿರಲಿಲ್ವಾ? ಇವನಿಗೆ ಕಣ್ಣೂ ಇಲ್ಲ, ಕೈಯೂ ಇಲ್ಲ ಡಾಕ್ಟ್ರೇ! ತೊಳೆಯೋವಾಗ ಕಳೆದಿದ್ದಾನೆ. ನನ್ನ ಮಗಳನ್ನ ಕಟ್ಕೊಂಡಿದ್ದೊಂದೇ ಇವನು ಜನ್ಮದಲ್ಲಿ ಮಾಡಿದ ಕೆಲಸ!"

ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಡಾಕ್ಟರೂ ತಮ್ಮ ಪಾಲಿನ ನಾಲ್ಕು ಮಾತು ಸೇರಿಸಿದರು. ಅಳಿಯ ಬ್ರಷ್ಷನ್ನು ಬೇಸಿನ್ನಿನ ಅಂಚಿಗೆ ನೀಟಾಗಿ ಒರಗಿಸಿಟ್ಟು ಒಳಗೆ ಹೋದ. ಮರುವಾರ ಊರಾಚೆಯ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ. ನೀಲಿ ಸಮವಸ್ತ್ರ ಕೊಟ್ಟರು. ಕೈಗೆ ಗ್ಲೌಸ್ ಕೊಟ್ಟರು.

ಅಲ್ಲಿಂದ ಊಟದ ಮೇಜಿನ ಮೇಲೆ ಹೊಸ ಕಾನೂನು ಜಾರಿಯಾಯಿತು.

"ಉಪ್ಪು ಬೇಕಿತ್ತು," ಎಂದ ಅಳಿಯ ಹೆಂಡತಿಗೆ. ಉಪ್ಪಿನ ಡಬ್ಬಿ ಮೇಸ್ತ್ರಿಯ ಮೊಣಕೈ ಹತ್ತಿರವೇ ಇತ್ತು.

"ಕೊಡಪ್ಪ," ಎಂದಳು ಮಗಳು.

"ಅವರೇ ಕೇಳಿದ್ರೆ ಕೊಡ್ತಿದ್ದೆ."

"ಅವರು ಕೇಳಲ್ಲ. ಒಂದನೇ ತಾರೀಖಿನವರೆಗೆ ಹೀಗೇ. ಆಮೇಲೆ ನಿನ್ನ ಉಪ್ಪು ನೀನೇ ಇಟ್ಕೋ."

"ಒಂದನೇ ತಾರೀಖಿಗೆ ಏನು?"

"ಮನೆ ನೋಡಿದ್ದೀವಿ. ಎರಡು ರೂಮು, ಹಿಂದೆ ಬಟ್ಟೆ ಒಣಗಿಸೋಕೆ ಜಾಗ. ಸೀಮೆಎಣ್ಣೆ ವಾಸನೆ ಇಲ್ಲ."

ಮೇಸ್ತ್ರಿ ಒಂದು ತುತ್ತು ಅನ್ನವನ್ನು ಲೆಕ್ಕಕ್ಕಿಂತ ಹೆಚ್ಚು ಸಲ ಅಗಿದ. ಹೆಂಡತಿ ತೀರಿಕೊಂಡು ಎಂಟು ವರ್ಷ. ಈ ಮೂವರೂ ಹೋದರೆ ಮನೆಯಲ್ಲಿ ಉಳಿಯುವುದು ಅವನು, ಪೀಪಾಯಿ.

"ಹೋಗೋರನ್ನ ಯಾರು ತಡೀತಾರೆ," ಎಂದ. ಬಾಯಿ ಹೀಗೆ ಹೇಳುವಾಗ ಕೈ ಉಪ್ಪಿನ ಡಬ್ಬಿಯನ್ನು ಅಳಿಯನ ಕಡೆ ಎರಡು ಬೆರಳಗಲ ತಳ್ಳಿತ್ತು. ಅಳಿಯ ಸಪ್ಪೆ ಬೇಳೆಯನ್ನೇ ಉಂಡೆದ್ದ.

ತೊಳೆಯುವ ಕೆಲಸ ಈಗ ಮೇಸ್ತ್ರಿಯ ತಲೆಗೆ ಬಂತು. ನಾಲ್ಕೇ ದಿನದಲ್ಲಿ ಸೊಂಟ ಕೈಕೊಟ್ಟಿತು. ಐದನೇ ದಿನ ಬೇಸಿನ್ನಿನ ಮುಂದೆ ಕೂತವನು ಏಳಲಾಗದೆ, ಮೊಮ್ಮಗಳು ಕಾಲೇಜಿನಿಂದ ಬರುವತನಕ ಗೇರ್‌ಬಾಕ್ಸಿನ ಜೊತೆ ಮಾತಾಡಿಕೊಂಡು ಕೂತಿದ್ದ.

"ತಾತ, ಅಪ್ಪ ಇದನ್ನ ಹತ್ತೊಂಬತ್ತು ವರ್ಷ ಮಾಡಿದ್ರಾ?" ಎನ್ನುತ್ತ ಅವಳು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು.

"ಅವನದು ಎಳೇ ಸೊಂಟ."

"ಅಪ್ಪಂಗೆ ನಲವತ್ತಾರು. ಇದಕ್ಕೆ ಮಿಷನ್ ಇರುತ್ತೆ, ಗೊತ್ತಾ? ನಿಂತ್ಕೊಂಡೇ ತೊಳೀಬಹುದು."

"ಗೊತ್ತು. ಅದರ ದುಡ್ಡಿಗೆ ಡಾಕ್ಟ್ರ ಕಾರೇ ಬರುತ್ತೆ, ಡಾಕ್ಟ್ರ ಸಮೇತ."

"ನಾವೇ ಮಾಡೋಣ."

ಗುಜರಿಯಲ್ಲಿ ಮುಚ್ಚಿಹೋದ ಹೋಟೆಲ್ಲೊಂದರ ಸ್ಟೀಲ್ ಸಿಂಕು ಸಿಕ್ಕಿತು. ಒಂದು ಮೂಲೆ ನೆಗ್ಗಿತ್ತು, ಅಷ್ಟೇ. ಕೆಟ್ಟ ಕೂಲರಿನಿಂದ ನೀರೆತ್ತುವ ಪಂಪು ಬಂತು. ನೀರಿನಲ್ಲಿ ಬರುವ ಕಬ್ಬಿಣದ ಚೂರು ಹಿಡಿಯಲು ಹಳೇ ಸ್ಪೀಕರಿನಿಂದ ಅಯಸ್ಕಾಂತ ಕಿತ್ತರು. ಕಬ್ಬಿಣದ ಕೋನಪಟ್ಟಿಗಳಿಂದ ಮೇಸ್ತ್ರಿ ಕಾಲು ವೆಲ್ಡ್ ಮಾಡಿದ. ನಾಲ್ಕು ಕಾಲಲ್ಲಿ ಮೂರು ಸಮ ಬಂದವು, ನಾಲ್ಕನೆಯದಕ್ಕೆ ಮರದ ತುಂಡು ಕೊಟ್ಟು ಇದು ನೆಲದ ತಪ್ಪು ಎಂದ. ಬಣ್ಣ ಬಳಿಯುವ ಬ್ರಷ್ಷಿನ ಹಿಡಿ ಕೊರೆದು ಮೊಮ್ಮಗಳು ಪೈಪು ತೂರಿಸಿದಳು. ಇನ್ನು ಬ್ರಷ್ಷಿನ ಕೂದಲ ಮಧ್ಯದಿಂದಲೇ ನೀರು ಬರುವ ಹಾಗಾಯಿತು. ಮೇಸ್ತ್ರಿ ಅದನ್ನು ಎರಡು ಸಲ ತಿರುಗಿಸಿ ನೋಡಿ, ತಪ್ಪು ಹುಡುಕದೆ ವಾಪಸು ಕೊಟ್ಟ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಸಿಂಕಿನ ತೂತಿಗೆ ಜರಡಿ ಬೇಕಾಗಿತ್ತು. ಮಾರನೇ ಬೆಳಗ್ಗೆ ಅಡುಗೆಮನೆಯಲ್ಲಿ ಗಲಾಟೆ.

"ಟೀ ಸೋಸೋದು ಎಲ್ಲಿ?" ಎಂದಳು ಮಗಳು.

ತಾತ ಮೊಮ್ಮಗಳ ಮುಖ ನೋಡಿದ. ಮೊಮ್ಮಗಳು ಸೂರು ನೋಡಿದಳು.

"ಅಪ್ಪಾ! ಇದು ಮನೇನಾ, ಬಿಡಿಭಾಗದ ಅಂಗಡಿನಾ? ಹೋದ ತಿಂಗಳು ನನ್ನ ಪಾತ್ರೆ ಉಜ್ಜೋ ಬ್ರಷ್ಷು. ಈಗ ಸೋಸೋದು. ನಾಳೆ ನನ್ನನ್ನೂ ಬಿಚ್ಚಿ ಯಾವುದಾದ್ರೂ ಕಾರಿಗೆ ಹಾಕ್ಬಿಡು!"

"ನಿನ್ನ ಸದ್ದಿಗೆ ಹಾರ್ನ್ ಮಾಡಬಹುದು," ಎಂದ ಮೇಸ್ತ್ರಿ. ಅಳಿಯನ ತುಟಿಯ ಒಂದು ಕೊನೆ ಅಲ್ಲಾಡಿದ್ದನ್ನು ಕಂಡು ಅವನಿಗೆ ಆ ದಿನವೆಲ್ಲ ಹಬ್ಬವಾಗಬೇಕಿತ್ತು. ಅಷ್ಟರಲ್ಲಿ ಅಳಿಯ ಊಟದ ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟಿದ್ದ.

ಉಳಿದದ್ದು ಕೆಳಗಿನ ತೊಟ್ಟಿ. ನೀರು ಇಳಿದು ನಿಲ್ಲಲು, ಪಂಪು ಮುಳುಗಲು ಏನಾದರೂ ಬೇಕು.

"ಪೀಪಾಯಿ ಇದೆಯಲ್ಲ," ಎಂದಳು ಮೊಮ್ಮಗಳು.

"ಅದರಲ್ಲಿ ಸೀಮೆಎಣ್ಣೆ ಇದೆ."

"ತಾತ, ಸೀಮೆಎಣ್ಣೆ ಒಳಗೆ ಕರೆಂಟ್ ಪಂಪ್ ಇಟ್ರೆ ನಾವು ಮನೆ ಸಮೇತ ಮೇಲಕ್ಕೆ ಹೋಗ್ತೀವಿ. ಬಿಸಿನೀರು, ಸೋಪಿನ ಪುಡಿ, ಸಾಕು. ಪೀಪಾಯಿ ಖಾಲಿ ಮಾಡು."

ಮೇಸ್ತ್ರಿ ಎರಡು ದಿನ ಒಪ್ಪಲಿಲ್ಲ. ಮೂರನೇ ದಿನ ಸೊಂಟ ಅವನ ಪರವಾಗಿ ಒಪ್ಪಿತು. ಮೇಲಿನ ಎಣ್ಣೆಯನ್ನು ಡಬ್ಬಿಗಳಿಗೆ ಇಳಿಸಿದ ಮೇಲೆ ತಳದಲ್ಲಿ ಮೊಳಕೈ ಆಳದ ಕೆಸರು ಕಂಡಿತು, ಕರಿ ಹಲ್ವದ ಹಾಗೆ. ತಗಡಿನಲ್ಲಿ ಕೆರೆದು ಬಾಂಡಲಿಗೆ ಹಾಕಿದರು. ಮೊಮ್ಮಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಆ ಕೆಸರಿನಲ್ಲಿ ಆಡಿಸಿದಳು.

ಎತ್ತಿದಾಗ ಅದಕ್ಕೆ ಗಡ್ಡ ಬಂದಿತ್ತು.

ಅವಳು ಅದನ್ನು ಬಟ್ಟೆಯ ಮೇಲೆ ಒರೆಸಿ ಒಂದೊಂದೇ ಬಿಡಿಸಿದಳು. ವಾಷರುಗಳು. ಪಿನ್ನುಗಳು. ಒಂದು ಸ್ಪ್ರಿಂಗು. ಅದನ್ನು ಅಳಿಯ ಇಡೀ ಶೆಡ್ಡು ಗುಡಿಸಿ ಹುಡುಕಿದ್ದ, ಮೇಸ್ತ್ರಿ ಕುರ್ಚಿಯಲ್ಲಿ ಕೂತು ಅವನ ವಂಶವನ್ನು ವಿಚಾರಿಸಿಕೊಂಡಿದ್ದ. ಎರಡು ಸಣ್ಣ ನಟ್ಟು. ಅವುಗಳಿಗೋಸ್ಕರ ಅಳಿಯ ಬಿಸಿಲಲ್ಲಿ ಸೈಕಲ್ ತುಳಿದು ಅಂಗಡಿಗೆ ಹೋಗಿದ್ದ. ಒಂದು ಅರ್ಧಚಂದ್ರದ ಕೀಲಿ, ಚಕ್ರವನ್ನು ದಂಡಕ್ಕೆ ಬಿಗಿಯುವ ಉಕ್ಕಿನ ತುಂಡು. ಅದರ ದಿನ ಬೈಗುಳಕ್ಕೆ ಹೆದರಿ ಅಳಿಯ ಮಧ್ಯಾಹ್ನ ಊಟಕ್ಕೇ ಬಂದಿರಲಿಲ್ಲ. ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು ಎಲ್ಲವೂ. ಮೇಸ್ತ್ರಿಗೆ ಪ್ರತಿಯೊಂದರ ಬೈಗುಳವೂ ಪದ ತಪ್ಪದೆ ನೆನಪಿತ್ತು. ಪೀಪಾಯಿಗೆ ಸುರಿಯುತ್ತಿದ್ದವನು ಅವನೊಬ್ಬನೇ. ಇದಕ್ಕೆ ಇನ್ನೊಬ್ಬ ಸಾಕ್ಷಿಯೂ ಬೇಡ. ಇಷ್ಟು ವರ್ಷ ಅವನೇ ಜಂಬದಿಂದ ಹೇಳಿಕೊಂಡಿದ್ದ.

ಅಯಸ್ಕಾಂತದ ಅಡಿಯಲ್ಲಿ ಇನ್ನೊಂದು ಉಳಿದಿತ್ತು. ಉಂಡೆ. ಮೆಣಸಿನಕಾಳಿನಷ್ಟು. ಅವನು ಅದನ್ನು ಮೊಮ್ಮಗಳಿಗಿಂತ ಮೊದಲೇ ಕಂಡು, ಬೆರಳಲ್ಲಿ ಕಿತ್ತುಕೊಂಡ.

"ಏನದು ತಾತ?"

"ಏನಿಲ್ಲ."

"ತೋರಿಸು."

ಮುಂದೆ ನಡೆದದ್ದನ್ನು ಮೇಸ್ತ್ರಿ ಆಮೇಲೆ ಎಷ್ಟು ಸಲ ಯೋಚಿಸಿದರೂ ಕಾರಣ ಹೊಳೆಯಲಿಲ್ಲ. ಅರವತ್ತೆಂಟು ವರ್ಷದ, ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ಕಳ್ಳತನದಲ್ಲಿ ಸಿಕ್ಕಿಬಿದ್ದ ಕೂಸಿನ ಹಾಗೆ ಗುಂಡನ್ನು ಬಾಯಿಗೆ ಹಾಕಿಕೊಂಡ. ಹನ್ನೆರಡು ವರ್ಷದ ಸೀಮೆಎಣ್ಣೆಯ ರುಚಿ ನಾಲಿಗೆಗೆ ತಾಗಿತು. ಉಗುಳಬೇಕೆಂದಿದ್ದ. ಗಂಟಲಿಗೆ ಬೇರೆ ಯೋಚನೆಯಿತ್ತು.

ಮೊಮ್ಮಗಳು ಅಯಸ್ಕಾಂತ ಕೆಳಗಿಟ್ಟಳು.

"ನುಂಗಿದ್ಯಾ?"

"ಹೂಂ."

"ಡಾಕ್ಟ್ರ ಕಾರಿನದಾ?"

ಅವನು ಬಾಂಡಲಿ ನೋಡುತ್ತ ಕೂತ.

"ಹೊಟ್ಟೆ ಮೇಲೆ ಅಯಸ್ಕಾಂತ ಇಡ್ಲಾ?" ಎಂದಳು. ನಗಲಿಲ್ಲ. ಆಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಅವನ ಕೈಗೆ ಕೊಟ್ಟಳು. "ಅಪ್ಪಂಗೆ ನಾನು ಹೇಳಲ್ಲ ತಾತ. ಹೇಳಬೇಕಾದವಳು ನಾನಲ್ಲ."

ಆ ದಿನದಿಂದ ಮೇಸ್ತ್ರಿ ಬಾಳೆಹಣ್ಣು, ಬ್ರೆಡ್ಡು ತಿನ್ನತೊಡಗಿದ. ಅಪ್ಪನಿಗೆ ಇದ್ದಕ್ಕಿದ್ದಂತೆ ಹಣ್ಣಿನ ಮೇಲೆ ಪ್ರೀತಿ ಬಂದದ್ದಕ್ಕೆ ಮಗಳಿಗೆ ಆಶ್ಚರ್ಯ. ಪ್ರತಿ ಬೆಳಗ್ಗೆ ಮೊಮ್ಮಗಳು ಹಲ್ಲುಜ್ಜುತ್ತ "ಬಂತಾ?" ಎನ್ನುತ್ತಿದ್ದಳು. ಮೂರನೇ ದಿನ ಬಂತು. ಆ ವಿಷಯ ಇಷ್ಟಕ್ಕೇ ಸಾಕು.

ಬಾರದೆ ಉಳಿದದ್ದು ಮಾತು. ಪ್ರತಿ ಸಂಜೆ ಊಟಕ್ಕೆ ಕೂತಾಗ ಅದನ್ನು ನಾಲಿಗೆಯ ತುದಿಗೆ ತಂದುಕೊಳ್ಳುತ್ತಿದ್ದ.

"ಅಳಿಯಂದ್ರೇ..." ಎಂದ ಸೋಮವಾರ.

ಅಳಿಯ ತಲೆಯೆತ್ತಿದ.

"...ಅಲ್ಲಿ ಕ್ಯಾಂಟೀನ್ ಇದೆಯಾ?"

"ಇದೆ ಅಂತ ಹೇಳು," ಎಂದ ಅಳಿಯ ಹೆಂಡತಿಗೆ.

ಮಂಗಳವಾರ ಟೈರಿನ ಬಗ್ಗೆ ಕೇಳಿದ. ಬುಧವಾರ ಹವಾಮಾನಕ್ಕೆ ಬಂದ. ಗುರುವಾರ ಕೇಳಲು ಏನೂ ಉಳಿಯದೆ ಅನ್ನ ಚೆನ್ನಾಗಿದೆ ಎಂದ. ಆವತ್ತು ಅನ್ನ ತಳ ಹಿಡಿದಿತ್ತು.

ಯಂತ್ರ ಮಾತ್ರ ತಯಾರಾಯಿತು. ಸ್ವಿಚ್ಚು ಒತ್ತಿದರೆ ಪಂಪು ಗುಂಯ್ ಎಂದು ಬ್ರಷ್ಷಿನಿಂದ ಬಿಸಿ ಸೋಪುನೀರು ಸುರಿಸುತ್ತಿತ್ತು. ಕೊಳೆಯೆಲ್ಲ ಟೀ ಸೋಸುವ ಜರಡಿಯಲ್ಲಿ ನಿಂತು, ನೀರು ಪೀಪಾಯಿಗಿಳಿದು, ಮತ್ತೆ ಮೇಲೆ ಬರುತ್ತಿತ್ತು. ಒಂದು ವಾಷರೂ ಜರಡಿ ದಾಟಿ ಹೋಗುವ ಹಾಗಿರಲಿಲ್ಲ. ಟೀ ಅಂಗಡಿಯವರು ನೋಡಲು ಬಂದರು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಇದನ್ನು ವಿಮಾನದ ಕಂಪನಿಯವರು ಕೇಳಿಕೊಂಡು ಬಂದಿದ್ದರು ಎಂಬಲ್ಲಿಗೆ ಮುಟ್ಟಿಸುತ್ತಿದ್ದ. ಈಗ "ಮೊಮ್ಮಗಳು ಮಾಡಿದ್ದು" ಎಂದು ಒಳಗೆ ಹೋದ.

ಒಂದನೇ ತಾರೀಖಿಗೆ ಎಂಟು ದಿನವಿತ್ತು. ಮಗಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ಒಂದೇ ಉಸಿರಿಗೆ ಅವಳಿಗೆ ಎಲ್ಲ ಹೇಳಿಬಿಟ್ಟ: ಬಟ್ಟಲು, ಪೀಪಾಯಿ, ಸ್ಪ್ರಿಂಗು, ಗುಂಡು. ನುಂಗಿದ್ದನ್ನೂ ಬಿಡಲಿಲ್ಲ.

ಮಗಳು ಲೋಟ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕೆ ಹೇಳ್ತಿದ್ದೀಯ?"

"ನೀನು ಅವರಿಗೆ ಹೇಳ್ತೀಯ ಅಂತ."

"ಬೀದೀಲಿ ನಿಂತು ಬೈದವನು ನೀನು. ತಪ್ಪಾಯ್ತು ಅನ್ನೋದು ಮಾತ್ರ ಅಡುಗೆಮನೇಲಿ, ಅದೂ ನನ್ನ ಕೈಲಿ ಕಳಿಸ್ತೀಯಾ? ಅವರು ಅವತ್ತಿಂದ ಟೀ ಅಂಗಡಿ ಮುಂದೆ ನಡೆಯಲ್ಲ ಅಪ್ಪ. ಹಿಂದಿನ ಗಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋಗ್ತಾರೆ. ನೀನು ನೋಡಿಲ್ಲ."

ನೋಡಿದ್ದ. ಬಸ್ಸಿಗೆ ಅದು ಹತ್ತಿರದ ದಾರಿಯಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ, ಅಷ್ಟೇ.

ಶನಿವಾರ ಬೆಳಗ್ಗೆ ಹಲ್ಲಿನ ಡಾಕ್ಟರು ಎಣ್ಣೆ ಬದಲಿಸಲು ಬಂದರು. ಹೊಸ ಯಂತ್ರ ನೋಡಿ ಕಣ್ಣರಳಿಸಿದರು.

"ಭೇಷ್! ಅಳಿಯನ್ನ ಕಳಿಸಿ ಮಿಷನ್ ಇಟ್ಕೊಂಡ್ರಿ. ಒಳ್ಳೇ ಕೆಲಸ."

"ನಾನು ಕಳಿಸಿಲ್ಲ..."

"ಅವನು ಈಗ ಸೇರಿದ್ದಾನಲ್ಲ, ಆ ವರ್ಕ್‌ಶಾಪ್ ಮ್ಯಾನೇಜರು ನನ್ನ ಪೇಷೆಂಟು. ಇವತ್ತು ಸಂಜೆ ಬರ್ತಾನೆ, ದವಡೆ ಹಲ್ಲು ಕೀಳಬೇಕು. ಒಂದು ಮಾತು ಕಿವಿಗೆ ಹಾಕ್ತೀನಿ. ಬ್ರೇಕಿನ ಕೆಲಸಕ್ಕೆಲ್ಲ ಅವನನ್ನ ಬಿಡಬೇಡ ಅಂತ. ಜನರ ಪ್ರಾಣದ ವಿಷಯ ನೋಡಿ."

ಮೇಸ್ತ್ರಿಯ ಕೈಯಲ್ಲಿ ಎಣ್ಣೆ ಡಬ್ಬಿ ಇತ್ತು. ಕೆಳಗಿಟ್ಟ. ಡಾಕ್ಟರು ಹೇಳಿದ ಮಾತು ಅವನದೇ ಮಾತು. ಅವನು ಬೀದಿಗೆ ಬಿಟ್ಟಿದ್ದ, ಅದು ತಾನಾಗಿಯೇ ಅಳಿಯನ ಹೊಸ ಅನ್ನದ ತಟ್ಟೆಯವರೆಗೆ ನಡೆದುಕೊಂಡು ಹೋಗುತ್ತಿತ್ತು.

"ಹೇಳಬೇಡಿ."

"ಯಾಕೆ?"

"ಗುಂಡು ಕಳೆದಿದ್ದು ಅವನಲ್ಲ. ಅವನು ಬಟ್ಟಲಲ್ಲಿ ಇಟ್ಟಿದ್ದ. ಬಟ್ಟಲು ಸುರಿದಿದ್ದು ನಾನು. ಕೂಡಿಸೋವಾಗ ಗುಂಡು ಇಲ್ಲದ್ದನ್ನ ನೋಡದೇ ಇದ್ದಿದ್ದೂ ನಾನೇ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬರುತ್ತದೆ ಎಂದು ಮೇಸ್ತ್ರಿ ಕಾದ. ಬಂದಿದ್ದರೆ ಸುಲಭವಾಗುತ್ತಿತ್ತು.

"ಆವತ್ತು ನಿಮ್ಮ ಮಾತು ಕೇಳಿ ನಾನೂ ಬೈದೆ," ಎಂದರು. "ನನಗಿಂತ ಎರಡು ವರ್ಷ ದೊಡ್ಡವನನ್ನ ದಡ್ಡ ಅಂದೆ. ಗಾಡಿ ಹತ್ತಿ."

"ಎಲ್ಲಿಗೆ?"

"ಅವನ ಹತ್ರ. ಎಣ್ಣೆ ಅಲ್ಲೇ ಬದಲಿಸ್ತೀನಿ. ದಾರಿ ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅಳಿಯ ಕೆಲಸಕ್ಕೆ ಸೇರಿದ ವಾರವೇ ಮೇಸ್ತ್ರಿ ಎರಡು ಸಲ ಬಸ್ಸಿನಲ್ಲಿ ಹೋಗಿ, ಎದುರಿನ ಫುಟ್‌ಪಾತಿನಲ್ಲಿ ನಿಂತು, ಒಳಗೆ ಕಾಲಿಡದೆ ವಾಪಸು ಬಂದಿದ್ದ. ಈಗ ಗಿರಾಕಿಯ ಕಾರಿನಲ್ಲಿ ಕೂತು, ಎಡಕ್ಕೆ, ಬಲಕ್ಕೆ, ಪೆಟ್ರೋಲ್ ಬಂಕ್ ಆದ ಮೇಲೆ ನೇರಕ್ಕೆ ಎಂದು, ತನ್ನ ಗಿರಾಕಿಯನ್ನು ತಾನೇ ಬೇರೆ ವರ್ಕ್‌ಶಾಪಿಗೆ ತಲುಪಿಸಿದ. ಇಂಥ ಮೆಕ್ಯಾನಿಕ್ ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಒಳಗೆ ಹತ್ತು ಹನ್ನೆರಡು ಕಾರುಗಳು, ಅಷ್ಟೇ ನೀಲಿ ಅಂಗಿಗಳು. ಅಳಿಯ ಒಂದು ವ್ಯಾನಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ, ಇಂಜಿನ್ ಓಡುತ್ತಿತ್ತು. ತಾನೇ ಕೂಡಿಸಿದ್ದನ್ನು ಹದ ಮಾಡುತ್ತಿದ್ದ; ಕೈ ಒಂದಿಷ್ಟೂ ತಡವರಿಸುತ್ತಿರಲಿಲ್ಲ. ಮೇಸ್ತ್ರಿ ಅದನ್ನು ನೋಡಿದ್ದು ಇದೇ ಮೊದಲು.

ಡಾಕ್ಟರು ಮುಂದೆ ಹೋಗಿ ಏನೋ ಹೇಳಿ ಕೈ ಮುಗಿದರು. ಅಳಿಯ ಗಾಬರಿಯಾಗಿ ಗ್ಲೌಸ್ ಹಾಕಿದ ಕೈಯಲ್ಲೇ ಮುಗಿದ. ಆಮೇಲೆ ಅವರ ಬೆನ್ನ ಹಿಂದೆ ನಿಂತ ಮಾವನನ್ನು ಕಂಡ.

"ಗುಂಡು ಕಳೆದಿದ್ದು ನಾನು," ಎಂದ ಮೇಸ್ತ್ರಿ.

ಅಳಿಯ ಕಿವಿಯ ಹತ್ತಿರ ಕೈ ಹಿಡಿದು, ಕೇಳಿಸಲಿಲ್ಲ ಎಂದು ತಲೆಯಾಡಿಸಿದ.

"ಗುಂಡು!" ಮೇಸ್ತ್ರಿ ಇಂಜಿನ್ನಿನ ಮೇಲೆ ಕೂಗಿದ. "ಅವತ್ತಿನ ಗುಂಡು! ಕಳೆದಿದ್ದು ನೀವಲ್ಲ!" ಅಷ್ಟರಲ್ಲಿ ವ್ಯಾನಿನೊಳಗಿದ್ದವನು ಕೀಲಿ ತಿರುಗಿಸಿದ, ಇಂಜಿನ್ ನಿಂತಿತು. ಮೇಸ್ತ್ರಿಯ ದನಿ ನಿಲ್ಲಲಿಲ್ಲ. "ಕಣ್ಣಿಲ್ಲದ ಮುದುಕ ನಾನು! ಸ್ಪ್ರಿಂಗು, ನಟ್ಟು, ಪಿನ್ನು, ಎಲ್ಲಾ ನಾನೇ ಸುರಿದಿದ್ದು!"

ಹನ್ನೆರಡು ನೀಲಿ ಅಂಗಿಗಳು ತಿರುಗಿದವು. ತಗಡಿನ ಮಾಡಿನಲ್ಲಿ ಅವನ ಮಾತು ಒಂದು ಸುತ್ತು ಹಾಕಿ ಇಳಿಯಿತು.

ಅಳಿಯ ನಿಧಾನವಾಗಿ ಗ್ಲೌಸ್ ಬಿಚ್ಚಿದ. ಮೂರು ವಾರದಲ್ಲಿ ಅವನ ಬೆರಳ ಬಿರುಕುಗಳು ಮಾಸಿದ್ದವು.

"ಒಂದನೇ ತಾರೀಖು ಹೋಗೋದು ಹೋಗೋದೇ ಮಾವ. ಅಡ್ವಾನ್ಸ್ ಕೊಟ್ಟಾಗಿದೆ. ಇಲ್ಲಿನ ಕೆಲಸಾನೂ ನಾನು ಬಿಡಲ್ಲ."

"ಬಾ ಅಂತ ಕರೆಯೋಕೆ ಬರಲಿಲ್ಲ."

"ಮತ್ತೆ?"

"ಹೇಳೋಕೆ ಬಂದೆ. ಹೇಳಿದೆ."

ಅಳಿಯ ನೆಲ ನೋಡಿದ. ಅವನ ಕಿವಿ ಕೆಂಪಾಗಿತ್ತು. ಈ ಕಡೆ ಮೇಸ್ತ್ರಿಯದೂ.

"ಅವತ್ತು ನೀವು ಎರಡು ಸಲ ಹೇಳಿದ್ರಿ," ಎಂದ. "ಒಂದು ಸಲ ಡಾಕ್ಟ್ರಿಗೆ. ಇನ್ನೊಂದು ಸಲ, ರಸ್ತೆ ಆಚೆ ನಿಂತಿದ್ದೋರಿಗೆ ಕೇಳಿಸ್ಲಿಲ್ಲ ಅಂತ."

ಹೌದು. ಹೇಳಿದ್ದ. ಅದು ಅವನಿಗೆ ಈಗ ನೆನಪಾಯಿತು, ಕೈಯೆತ್ತಿ ಅವರನ್ನು ಕರೆದದ್ದೂ ಸೇರಿ.

ಮೇಸ್ತ್ರಿ ಸುತ್ತ ನೋಡಿದ. ಅಂಗಳದ ಆ ತುದಿಯಲ್ಲಿ, ಕಾರು ತೊಳೆಯುವ ಕಡೆ, ಇಬ್ಬರು ನೀರಿನ ಪೈಪು ಹಿಡಿದು ತಮ್ಮ ಪಾಡಿಗೆ ತಾವಿದ್ದರು. ಆ ನೀರಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ಅವನು ಸೊಂಟಕ್ಕೆ ಕೈ ಕೊಟ್ಟುಕೊಂಡು, ಹನ್ನೆರಡು ಜನರ ನಡುವಿನಿಂದ, ಅವರ ಕಡೆ ನಡೆಯತೊಡಗಿದ.